ನಾಲ್ಕನೆಯ ಸೆಮಿಸ್ಟರಿನ ಕಾರಣ

ಅಡುಗೆಮನೆಯಲ್ಲಿ ಅಮ್ಮ ಕೆಮ್ಮಿದಳು. ಅಷ್ಟಕ್ಕೇ ಅವನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಇನ್ನೊಮ್ಮೆ ಕೆಮ್ಮುತ್ತಾಳೇನೋ ಎಂದು ಕಿವಿಗೊಟ್ಟು ಮಲಗಿದ. ಕೆಮ್ಮಲಿಲ್ಲ. ನಲ್ಲಿ ಬಿಟ್ಟ ಸದ್ದು, ಪಾತ್ರೆ ಮಗುಚಿಟ್ಟ ಸದ್ದು, ಆಮೇಲೆ ಯಾವುದೋ ಹಳೆಯ ಧಾಟಿಯನ್ನು ಮೂಗಿನಲ್ಲೇ ಗುನುಗುತ್ತ ಅವಳು ಬಟ್ಟೆ ಒಣಹಾಕಲು ಹೋದದ್ದು. ಇವತ್ತು ಅವಳಿಗೆ ವಾರದ ರಜೆ. ಬದುಕಿರುವವರು ಎಷ್ಟೊಂದು ಸದ್ದು ಮಾಡುತ್ತಾರಪ್ಪಾ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಮೊನ್ನೆ ಬುಧವಾರ, ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ, ಏಳನೆಯ ಮಹಡಿಯ ಗಾಜಿನ ಕೋಣೆಯೊಂದರಲ್ಲಿ ಇಬ್ಬರು ಅಪರಿಚಿತರ ಎದುರು ಕೂತು, ಒಂದು ಕೆಲಸಕ್ಕಾಗಿ, ಅವನು ಈ ಅಮ್ಮನನ್ನು ಬಾಯಲ್ಲೇ ಸಾಯಿಸಿ ಬಂದಿದ್ದ. ಇವತ್ತು ಶುಕ್ರವಾರ. ಮಧ್ಯಾಹ್ನದೊಳಗೆ ಆ ಕಂಪನಿಯವರು ಅಮ್ಮನ ಮೊಬೈಲಿಗೆ ಫೋನ್ ಮಾಡುವವರಿದ್ದರು.

ಅರ್ಜಿಯ ಫಾರ್ಮು ತುಂಬಿದ್ದು ಮೂರು ವಾರದ ಹಿಂದೆ. ಆಗ ಅಮ್ಮ ಫಾರ್ಮಿನಲ್ಲೂ ಬದುಕಿದ್ದಳು. ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂದಿದ್ದಲ್ಲಿ ಅವಳ ನಂಬರು, ಸಂಬಂಧ ಎಂದಿದ್ದಲ್ಲಿ ತಾಯಿ. ಇನ್ನು ಯಾರ ನಂಬರು ಕೊಡುತ್ತಿದ್ದ? ಮನೆಯಲ್ಲಿ ಇರುವವರೇ ಇಬ್ಬರು. ಬರೆದದ್ದೇ ಅವನಿಗೆ ಮರೆತುಹೋಗಿತ್ತು. ನಿನ್ನೆ ಸಂಜೆ ಕಂಪನಿಯ ಹುಡುಗಿಯೊಬ್ಬಳು ಫೋನ್ ಮಾಡಿ, ಎಲ್ಲಾ ಸರಿಯಿದೆ, ಒಂದೇ ಒಂದು ಕೆಲಸ ಬಾಕಿ, ನೀವು ಕೊಟ್ಟಿರುವ ಎರಡನೇ ನಂಬರಿಗೆ ನಾಳೆ ಮಧ್ಯಾಹ್ನದೊಳಗೆ ನಮ್ಮವರೊಬ್ಬರು ಫೋನ್ ಮಾಡುತ್ತಾರೆ, ವಿಳಾಸ ಗಿಳಾಸ ಕೇಳುತ್ತಾರೆ ಅಷ್ಟೇ, ಎತ್ತೋಕೆ ಹೇಳಿಬಿಡಿ ಎಂದಿದ್ದಳು. ಆಯ್ತು ಮೇಡಂ, ಥ್ಯಾಂಕ್ಸ್ ಎಂದು ನಗುನಗುತ್ತಲೇ ಹೇಳಿದ್ದ. ಎರಡನೇ ನಂಬರು ಯಾವುದು ಎಂದು ನೆನಪಾಗುವ ಹೊತ್ತಿಗೆ ಅವನು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ. ಸೋಪಿನ ಮುಖದಲ್ಲೇ ಗೋಡೆ ಹಿಡಿದುಕೊಂಡು ಕೂತುಬಿಟ್ಟ. ವಾಪಸು ಫೋನ್ ಮಾಡಿ ನಂಬರು ತಪ್ಪಾಗಿದೆ ಅನ್ನಲೇ ಎಂದು ಹತ್ತು ಸಲ ಮೊಬೈಲು ಕೈಗೆತ್ತಿಕೊಂಡ. ಹೋದ ವರ್ಷ ಸತ್ತವಳ ನಂಬರನ್ನು ಮೂರು ವಾರದ ಹಿಂದೆ ಯಾಕೆ ಬರೆದಿರಿ ಎಂದು ಕೇಳಿದರೆ? ಲೆಕ್ಕದಲ್ಲಿ ಹೊಂದದ ಸಾಲು ಹುಡುಕುವುದೇ ಆ ಕಂಪನಿಯ ಕಸುಬು.

ಇದು ಒಂಬತ್ತನೆಯ ಕಂಪನಿ. ಮೊದಲ ಎಂಟರಲ್ಲಿ ಅವನು ಮನುಷ್ಯರ ಮುಖವನ್ನೇ ಕಂಡಿರಲಿಲ್ಲ. ಬ್ಯಾಂಕಾಗಲಿ, ಫಂಡ್ ನಡೆಸುವವರಾಗಲಿ, ಒಟ್ಟು ಗ್ರೇಡು ಏಳಕ್ಕಿಂತ ಕಡಿಮೆ ಎಂದು ತುಂಬಿದ ತಕ್ಷಣ ಕಂಪ್ಯೂಟರು ಮುಂದಿನ ಪುಟವನ್ನೇ ತೆರೆಯುತ್ತಿರಲಿಲ್ಲ. ಅವನದು ಹತ್ತಕ್ಕೆ ಆರು ಪಾಯಿಂಟ್ ಒಂಬತ್ತು. ದರಿದ್ರದ್ದು, ಐದೋ ಐದೂವರೆಯೋ ಆಗಿದ್ದರೆ ಈ ಕಡೆ ತಲೆಯನ್ನೇ ಹಾಕದೆ ಬೇರೇನಾದರೂ ಮಾಡಿಕೊಂಡಿರುತ್ತಿದ್ದ. ಇದು ಹಾಗಲ್ಲ, ಬಾಗಿಲ ತನಕ ಕರೆದುಕೊಂಡು ಹೋಗಿ ಮೂಗಿನ ಮೇಲೇ ಬಾಗಿಲು ಹಾಕುವ ಸಂಖ್ಯೆ. ಹಾಸ್ಟೆಲಿನಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯನನ್ನು ಎಲ್ಲರೂ ತಯಾರಿ ಎಂದೇ ಕರೆಯುತ್ತಿದ್ದರು; ಹಲ್ಲುಜ್ಜುವುದಕ್ಕೂ ತಯಾರಿ ಮಾಡಿಕೊಳ್ಳುವವನು. ಅವನದು ಎಂಟು ಪಾಯಿಂಟ್ ನಾಲ್ಕು, ಪರೀಕ್ಷೆ ಮುಗಿಯುವ ಮೊದಲೇ ಬ್ಯಾಂಕಿನಲ್ಲಿ ಕೆಲಸ. ತರಗತಿಯ ನಲವತ್ತೊಂದು ಜನರೂ ಎಲ್ಲೆಲ್ಲೋ ಸೇರಿಕೊಂಡರು. ಇವನು ಏಳು ತಿಂಗಳಿಂದ ಮನೆಯಲ್ಲಿದ್ದ. ಇನ್ನೊಂದು ವರ್ಷ ಕಳೆದರೆ ಹಳೇ ಬ್ಯಾಚಿನವನು ಎಂದು ಬೇರೆ ಎತ್ತಿಡುತ್ತಾರೆ ಎಂದು ತಯಾರಿಯೇ ಹೇಳಿದ್ದ. ಈ ಒಂಬತ್ತನೆಯ ಕಂಪನಿಯೊಂದೇ ಒಟ್ಟು ಗ್ರೇಡು ಕೇಳದೆ ಆರೂ ಸೆಮಿಸ್ಟರುಗಳದನ್ನು ಬೇರೆಬೇರೆಯಾಗಿ ಕೇಳಿತ್ತು. ಏಳೂವರೆಯ ಆಸುಪಾಸಿನ ಐದು ಸಂಖ್ಯೆಗಳು, ನಡುವೆ ನಾಲ್ಕನೆಯದು ಮೂರು ಪಾಯಿಂಟ್ ಒಂಬತ್ತು. ಕರೆದರಲ್ಲ ಎಂಬ ಖುಷಿಗಿಂತ, ಕರೆದು ಆ ಗುಂಡಿಯ ಬಗ್ಗೆ ಕೇಳದೆ ಬಿಡುತ್ತಾರೆಯೇ ಎಂಬ ಭಯವೇ ಅವನಿಗೆ ಹೆಚ್ಚಾಗಿತ್ತು. ಗೊತ್ತಿಲ್ಲ ಅಂತ ಮಾತ್ರ ಅಪ್ಪಿತಪ್ಪಿಯೂ ಹೇಳಬೇಡ ಮಾರಾಯ, ಮನೇಲಿ ಯಾರಿಗೋ ಹುಷಾರಿರಲಿಲ್ಲ ಅನ್ನು, ಯಾರೂ ಡಾಕ್ಟರ ಚೀಟಿ ಕೇಳಲ್ಲ ಎಂದು ತಯಾರಿ ಹೇಳಿಕೊಟ್ಟಿದ್ದ.

ಗಾಜಿನ ಕೋಣೆಯಲ್ಲಿ ಕನ್ನಡಕದ ಹೆಂಗಸೊಬ್ಬಳು, ಅವಳ ಪಕ್ಕದಲ್ಲಿ ಪೆನ್ನು ತಿರುಗಿಸುತ್ತಲೇ ಇರುವ ಒಬ್ಬ ಗಂಡಸು. ಹೆಂಗಸು ದೊಡ್ಡ ಹುದ್ದೆಯವಳು, ಆದರೆ ಜೋರಿನವಳಲ್ಲ. ಮಾರ್ಕ್ಸಿನ ಮೇಲೆ ನಮಗೇನೂ ಅಂಥ ನಂಬಿಕೆ ಇಲ್ಲ, ಆದರೆ ಇಪ್ಪತ್ತೆರಡು ವರ್ಷದವರ ಬಗ್ಗೆ ನಂಬೋದಕ್ಕೆ ಇನ್ನೇನಿರುತ್ತೆ ಹೇಳಿ ಎಂದು ನಕ್ಕಳು. ಆ ಕಂಪನಿಯ ಕೆಲಸವೆಂದರೆ ಬೇರೆ ಕಂಪನಿಗಳ ಲೆಕ್ಕಪತ್ರ ಓದಿ, ಇವರಿಗೆ ಸಾಲ ಕೊಡಬಹುದು, ಇವರಿಗೆ ಬೇಡ ಎಂದು ಹೇಳುವುದು. ಅದಕ್ಕೊಂದು ರೂಢಿಯಿದೆ. ಯಾವುದೋ ಒಂದು ವರ್ಷ ನಷ್ಟವಾಗಿದ್ದರೆ ಯಾಕೆ ಎಂದು ನೋಡುತ್ತಾರೆ. ಗೋಡೌನಿಗೆ ಬೆಂಕಿ ಬಿದ್ದಿತ್ತು ಅಂದರೆ ಆ ವರ್ಷವನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಲೆಕ್ಕ ಹಾಕುತ್ತಾರೆ, ಯಾಕೆಂದರೆ ಬೆಂಕಿ ವರ್ಷಾ ವರ್ಷಾ ಬೀಳುವುದಿಲ್ಲ. ಗಿರಾಕಿಗಳೇ ಬಿಟ್ಟು ಹೋಗುತ್ತಿದ್ದಾರೆ ಅಂದರೆ ಪಕ್ಕಕ್ಕಿಡುವುದಿಲ್ಲ, ಅದು ಮುಂದಿನ ವರ್ಷವೂ ಇರುತ್ತದೆ. ಈ ಪಾಠವನ್ನು ಅವನು ಚೆನ್ನಾಗಿಯೇ ಓದಿಕೊಂಡು ಹೋಗಿದ್ದ. ನಾಲ್ಕನೇ ಸೆಮಿಸ್ಟರಿನ ಮಾತು ಬಂದಾಗ ಅಮ್ಮನಿಗೆ ಹುಷಾರಿರಲಿಲ್ಲ, ಕಿಡ್ನಿ, ನಾನೇ ನೋಡಿಕೊಳ್ಳಬೇಕಾಗಿತ್ತು ಎಂದ. ಹೆಂಗಸು ತಲೆದೂಗಿದಳು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಪೆನ್ನಿನವನು ತಿರುಗಿಸುವುದನ್ನು ನಿಲ್ಲಿಸಿ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಕಂಪನಿಗಳ ಬಗ್ಗೆ ದಿನಾ ಕೇಳುವುದನ್ನೇ ಕೇಳಿದ.

"ಈ ಕಾರಣ ಒಂದು ಸಲದ್ದಾ, ಅಥವಾ ಮತ್ತೆ ಮತ್ತೆ ಬರೋ ಅಂಥದ್ದಾ?"

ಅವನಿಗೆ ಉತ್ತರ ಗೊತ್ತಿತ್ತು. ಅದೇ ಆದ ಅನಾಹುತ. ಕಿಡ್ನಿಯ ಕಾಯಿಲೆ ಒಂದು ಸಲಕ್ಕೆ ಮುಗಿಯುವುದಲ್ಲ. ಆಸ್ಪತ್ರೆ, ರಜೆ, ಮತ್ತೆ ಆಸ್ಪತ್ರೆ. ಕಾಯಿಲೆಯ ಅಮ್ಮ ಎಂದರೆ ಮುಂದಿನ ವರ್ಷವೂ ಇರುವ ನಷ್ಟ, ಪಕ್ಕಕ್ಕಿಡಲು ಬರುವುದಿಲ್ಲ. ಒಂದೇ ಸಲ ಆಗುವಂಥದ್ದು ಯಾವುದು ಎಂದು ಅವನ ತಲೆ ತಾನಾಗಿಯೇ ಹುಡುಕಿತು, ಸಿಕ್ಕಿತು, ಬಾಯಿ ಹೇಳಿಬಿಟ್ಟಿತು. ಇನ್ನು ಬರಲ್ಲ ಸರ್, ಅವರು ಏಪ್ರಿಲಲ್ಲಿ ತೀರಿಕೊಂಡರು. ಹುಟ್ಟಿದಾಗಿನಿಂದ ಅಮ್ಮನನ್ನು ಅವಳು ಎಂದೇ ಅಂದವನು, ಸಾಯಿಸಿದ ಗಳಿಗೆಯಲ್ಲಿ ಅವರು ಎಂದಿದ್ದ. ಪೆನ್ನಿನವನು ಪೆನ್ನನ್ನು ಮೇಜಿನ ಮೇಲಿಟ್ಟು ಸಾರಿ ಎಂದ. ಹೆಂಗಸು ಕನ್ನಡಕ ತೆಗೆದು, ನೀರಿನ ಲೋಟವನ್ನು ಅವನ ಕಡೆ ಸರಿಸಿದಳು. ಆಮೇಲೆ ಮಾರ್ಕ್ಸ್ ಕಾರ್ಡಿನ ಪ್ರತಿಯ ಮೇಲೆ ಮೂರು ಪಾಯಿಂಟ್ ಒಂಬತ್ತಕ್ಕೆ ಒಂದು ಗೀಟು ಎಳೆದು, ಇದನ್ನು ಬಿಟ್ಟರೆ ಸರಾಸರಿ ಏಳೂವರೆ ಆಗುತ್ತಲ್ಲ ಎಂದಳು. ಏಳೂವರೆ! ಅವನಿಗೆ ಸಂತೋಷವಾಯಿತು. ಅದನ್ನೇ ಅವನು ತನಗೆ ತಾನು ಕ್ಷಮಿಸಿಕೊಳ್ಳಲಾರ. ಭಯವಲ್ಲ, ನಾಚಿಕೆಯಲ್ಲ, ಅಮ್ಮ ಸತ್ತ ಹೊತ್ತಿಗೆ ಮೊದಲು ಆದದ್ದು ಸಂತೋಷ. ಲಿಫ್ಟಿನಲ್ಲಿ ಇಳಿಯುತ್ತ ಕನ್ನಡಿಯಲ್ಲಿ ಅವನ ಮುಖ ನಗುತ್ತಿತ್ತು.

ನಿಜವಾಗಿ ಸತ್ತದ್ದು ಅಪ್ಪ, ಅದೂ ಕಾಲೇಜಿನ ಮೊದಲನೆಯ ಸೆಮಿಸ್ಟರಿನಲ್ಲಿ. ಪರೀಕ್ಷೆಗೆ ಹದಿನೆಂಟು ದಿನ ಬಾಕಿಯಿತ್ತು. ಮಣ್ಣು ಮುಗಿಸಿ ಬಂದು ಓದಲು ಕೂತ, ಏಳು ಪಾಯಿಂಟ್ ಆರು ಬಂತು. ಯಾರಾದರೂ ಕೇಳಿದ್ದರೆ ಇಟ್ಟುಕೊಂಡು ತೋರಿಸುವಂಥ ಒಳ್ಳೆಯ ಕಾರಣ ಅದು, ಆದರೆ ಆ ಸೆಮಿಸ್ಟರಿನಲ್ಲಿ ತೋರಿಸಲು ನಷ್ಟವೇ ಇರಲಿಲ್ಲ. ನಷ್ಟವಿದ್ದ ನಾಲ್ಕನೆಯದರಲ್ಲಿ ಕಾರಣವಿರಲಿಲ್ಲ. ಒಂದು ಬೆಳಿಗ್ಗೆ ಹಾಸ್ಟೆಲಿನ ಮಂಚದ ಮೇಲೆ ಎಚ್ಚರವಾಯಿತು, ಏಳಲಿಲ್ಲ. ಅಷ್ಟೇ. ಜ್ವರವಿಲ್ಲ, ನೋವಿಲ್ಲ, ಯಾವ ಹುಡುಗಿಯೂ ಕೈಕೊಟ್ಟಿರಲಿಲ್ಲ. ನಾಳೆ ಎದ್ದರಾಯಿತು ಎಂದುಕೊಂಡ. ಗೋಡೆಗೆ ಯಾರೋ ಹಿಂದಿನವರು ಅಂಟಿಸಿದ್ದ ವೇಳಾಪಟ್ಟಿಯ ಅರ್ಧ ಹರಿದ ಕಾಗದವಿತ್ತು, ಸೋಮವಾರದಿಂದ ಬುಧವಾರದವರೆಗೆ ಮಾತ್ರ ಉಳಿದಿತ್ತು. ಅದನ್ನು ನೋಡುತ್ತ ಮಲಗಿದರೆ ಮಧ್ಯಾಹ್ನವಾಗುತ್ತಿತ್ತು. ತಯಾರಿ ಮೊದಮೊದಲು ಎಳೆದು ಎಬ್ಬಿಸಲು ನೋಡಿದ, ಬೈದ, ಊಟ ತಂದಿಟ್ಟ, ಆಮೇಲೆ ಸೋಮಾರಿ ನನ್ಮಗ ಎಂದು ಬಿಟ್ಟುಬಿಟ್ಟ. ತಪ್ಪೇನಿರಲಿಲ್ಲ, ತನ್ನ ಬಗ್ಗೆ ಇವನಿಗೂ ಹಾಗೇ ಅನ್ನಿಸುತ್ತಿತ್ತು. ಹೀಗೆ ಜನವರಿಯಿಂದ ಮೇ ತಿಂಗಳವರೆಗೆ. ಪರೀಕ್ಷೆಗೆ ಹೇಗೋ ತೂರಾಡಿಕೊಂಡು ಹೋಗಿ ಪಾಸಾಗುವಷ್ಟು ಬರೆದು ಬಂದ. ಜೂನಿನಲ್ಲಿ ಒಂದು ದಿನ ಎದ್ದ, ಯಾಕೆ ಎದ್ದ ಎಂಬುದೂ ಗೊತ್ತಿಲ್ಲ. ಪೆನ್ನಿನವನ ಪ್ರಶ್ನೆಗೆ ನಿಜವಾದ ಉತ್ತರ ಹೇಳಬೇಕೆಂದರೆ, ಗೊತ್ತಿಲ್ಲ ಸರ್, ಈಗಲೂ ಬೆಳಿಗ್ಗೆ ಎಚ್ಚರವಾದಾಗ ಮೊದಲು ಅದನ್ನೇ ನೋಡಿಕೊಳ್ಳುತ್ತೀನಿ, ಬಂದಿದೆಯೋ ಇಲ್ಲವೋ ಅಂತ, ಎನ್ನಬೇಕಾಗಿತ್ತು.

ಹತ್ತು ಗಂಟೆಗೆ ಅಮ್ಮ ಚಹಾ ಮಾಡಿ ತಂದಳು. ಮೊಬೈಲು ಅವಳ ಎಡಗೈಯಲ್ಲೇ ಇತ್ತು. ಅದನ್ನು ಅವಳು ಬಿಟ್ಟಿರುವುದೇ ಕಷ್ಟ. ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಫೋನ್ ಎತ್ತುವುದೇ ಅವಳ ಕೆಲಸ. ಯಾವ ವಾರ್ಡು, ಯಾವ ಡಾಕ್ಟರು, ಹೆಣ ಯಾವಾಗ ಕೊಡುತ್ತಾರೆ ಎಂದು ಕೇಳುವವರಿಗೆಲ್ಲ ಒಂದೇ ಸಮದ ಧ್ವನಿಯಲ್ಲಿ ಹೇಳಬೇಕು. ಹಲೋ ಅನ್ನುವುದರಲ್ಲೇ ಇವರು ಅಳುತ್ತಿದ್ದಾರೆ, ಇವರು ಕುಡಿದಿದ್ದಾರೆ, ಇವರು ಬಿಲ್ಲು ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯುತ್ತದೆ ಎಂದು ಅವಳಿಗೊಂದು ಜಂಬ. ಅಮ್ಮ, ಫೋನ್ ಕೊಡು, ಸ್ಲೋ ಆಗಿದೆ ಅಂತಿದ್ದೆಯಲ್ಲ, ಸರಿ ಮಾಡ್ತೀನಿ ಎಂದ. ನಿನ್ನೆಯಿಂದ ಯಾಕೋ ನನ್ನ ಫೋನಿನ ಮೇಲೇ ನಿನ್ನ ಕಣ್ಣು, ನನಗೇನಾದರೂ ಲವ್ ಲೆಟರು ಬರುತ್ತೆ ಅಂತಲಾ ಎಂದು ನಕ್ಕಳು. ಅವಳ ಮುಂದಿನ ಹಲ್ಲಿನ ಸಂದು, ಕೆನ್ನೆಗೆ ಅಂಟಿದ ಸೋಪಿನ ಪುಡಿ, ಎಲ್ಲವೂ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಅವನಿಗೆ ನೋಡಲಾಗಲಿಲ್ಲ. ಮುಂದಿನ ವಾರದ ರಜೆ ಯಾವ ದಿನ ಎಂದು ಹೇಳಲು ಸೂಪರ್‌ವೈಸರು ಫೋನ್ ಮಾಡುತ್ತಾಳೆ, ಬೇಗ ಕೊಡು ಎಂದು ಹೇಳಿ ಮೊಬೈಲು ಕೊಟ್ಟು ಒಳಗೆ ಹೋದಳು.

ಅದನ್ನು ಎತ್ತಿಕೊಂಡು ಅವನು ಹೊರಗೆ ಬಂದು, ಲಿಫ್ಟು ಬಂದಮೇಲೆ ಯಾರೂ ಬಳಸದ ಮೆಟ್ಟಿಲುಗಳ ಮೇಲೆ, ಮೂರನೆಯ ಮತ್ತು ಎರಡನೆಯ ಮಹಡಿಗಳ ನಡುವೆ ಕೂತ. ಸ್ವಿಚ್ ಆಫ್ ಮಾಡಿದರೆ ನಂಬರು ಸಿಗಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ತಾನೇ ಎತ್ತಿದರೆ ಧ್ವನಿ ಗುರುತಿಸುತ್ತಾರೆ. ತಯಾರಿಗೆ ಫೋನ್ ಮಾಡಿದ. ತಯಾರಿ ಬ್ಯಾಂಕಿನ ಪ್ಯಾಸೇಜಿನಲ್ಲಿ ನಿಂತು ಪಿಸುಗುಟ್ಟುತ್ತ ಮೊದಲು ನಕ್ಕ, ಅಯ್ಯೋ ಪೆದ್ದೇ, ಹುಷಾರಿಲ್ಲ ಅನ್ನು ಅಂದರೆ ಮುಗಿಸೇಬಿಡೋದಾ ಎಂದ. ಆಮೇಲೆ ಇವನು ಮಾತಾಡದ್ದು ನೋಡಿ ಅವನಿಗೂ ಗಾಬರಿಯಾಯಿತು. ಯಾರಾದರೂ ಗಂಡಸರ ಕೈಲಿ ಮಾವ ಅಂತ ಮಾತಾಡಿಸು, ನಾನೇ ಬರುತ್ತಿದ್ದೆ, ಈಗ ಮೀಟಿಂಗಿದೆ ಮಾರಾಯ, ಸುಳ್ಳು ಅಂತ ಗೊತ್ತಾದರೆ ಈ ಕಂಪನಿಯಷ್ಟೇ ಅಲ್ಲ, ಈ ಲೈನಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ಇನ್ನೆಲ್ಲೂ ತಗೊಳ್ಳಲ್ಲ ಎಂದು ಫೋನಿಟ್ಟ. ಹನ್ನೊಂದಾಯಿತು. ಸೂಪರ್‌ವೈಸರು ಒಂದು ಸಲ ಫೋನ್ ಮಾಡಿದಳು, ಅವನು ಎತ್ತಲಿಲ್ಲ, ಅಮ್ಮನ ಫೋನು ಅವನ ಅಂಗೈಯಲ್ಲಿ ಗುರ್ ಗುರ್ ಎಂದು ಸುಮ್ಮನಾಯಿತು. ಈ ಏಳು ತಿಂಗಳಲ್ಲಿ ಕೆಲಸಕ್ಕಾಗಿ ಬೇಡಬಾರದವರನ್ನೆಲ್ಲ ಬೇಡಿದ್ದ, ಪಕ್ಕದ ಮನೆಯ ನಿವೃತ್ತ ಇನ್ಶೂರೆನ್ಸ್ ಏಜೆಂಟನ ಎದುರೂ ಮಾರ್ಕ್ಸ್ ಕಾರ್ಡು ಬಿಡಿಸಿ ನಿಂತಿದ್ದ. ಆದರೆ ಹೀಗೆ ಅಮ್ಮನ ಫೋನು ಕದ್ದುಕೊಂಡು ಮೆಟ್ಟಿಲ ಮೇಲೆ ಕೂರುವುದು ಬಾಕಿಯಿತ್ತು. ತನಗೆ ಈಗಲೇ ಎದೆ ಒಡೆದು ಏನಾದರೂ ಆಗಿಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ ಎಂದು ಯೋಚಿಸಿದ, ಆ ಯೋಚನೆಯಲ್ಲಿ ಸ್ವಲ್ಪ ನೆಮ್ಮದಿಯೂ ಇತ್ತು.

ಚಪ್ಪಲಿಯ ಸದ್ದಾಯಿತು. ಅಮ್ಮ ಮೇಲಿನಿಂದ ಇಳಿದು ಬಂದು, ಎರಡು ಮೆಟ್ಟಿಲ ಮೇಲೆ ನಿಂತು, ಇಲ್ಲೇನು ಮಾಡ್ತಿದ್ದೀಯೋ, ಮನೆಯೆಲ್ಲ ಹುಡುಕಿದೆ ಎಂದಳು. ಅವನು ಏಳಲಿಲ್ಲ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಮತ್ತೆ ಗುರ್ರೆಂದಿತು. ಹೆಸರಿಲ್ಲದ ನಂಬರು, ಕೊನೆಗೆ ಎರಡು ಸೊನ್ನೆ, ಆಫೀಸುಗಳದ್ದು ಇರುತ್ತದಲ್ಲ ಹಾಗೆ. ಅಮ್ಮ ಕೈ ಚಾಚಿದಳು. ಅವನು ಫೋನನ್ನು ಎದೆಗೆ ಒತ್ತಿಕೊಂಡ.

"ಅಮ್ಮ, ನೀನು ಸತ್ತುಹೋಗಿದ್ದೀಯ ಅಂತ ಹೇಳಿದ್ದೀನಿ ಅವರಿಗೆ."

ಅವಳು ಅವನ ಮುಖ ನೋಡಿದಳು. ಫೋನು ನಾಲ್ಕನೆಯ ಸಲವೋ ಐದನೆಯ ಸಲವೋ ಗುರ್ರೆನ್ನುತ್ತಿತ್ತು. ಬಗ್ಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ತೆಗೆದುಕೊಂಡು, ಕಿವಿಗಿಟ್ಟು, ಕೌಂಟರಿನ ಧ್ವನಿಯಲ್ಲಿ ಹೇಳಿ ಎಂದಳು. ಅತ್ತ ಕಡೆಯ ಮಾತು ಅವನಿಗೆ ಗುಜುಗುಜು ಎಂದಷ್ಟೇ ಕೇಳುತ್ತಿತ್ತು. ಹೌದು, ಇದು ಅವನ ತಾಯಿಯ ನಂಬರೇ ಎಂದಳು. ಅವನು ಕಣ್ಣು ಮುಚ್ಚಿಕೊಂಡ. ನಾನು ಅವಳ ತಂಗಿ, ಅವಳು ಹೋದಮೇಲೆ ನಂಬರು ನಿಲ್ಲಿಸೋಕೆ ಮನಸ್ಸಾಗಲಿಲ್ಲ, ನಾನೇ ಇಟ್ಟುಕೊಂಡಿದ್ದೀನಿ ಎಂದಳು. ಇಲ್ಲ, ಅದು ಅವನ ತಪ್ಪಲ್ಲ, ಹುಡುಗ ಈಗಲೂ ಎಲ್ಲಾ ಕಡೆ ಅಮ್ಮ ಅಂತಲೇ ಬರೀತಾನೆ, ನಾವು ತಿದ್ದೋಕೆ ಹೋಗಿಲ್ಲ ಎಂದಳು. ಧ್ವನಿಯಲ್ಲಿ ಒಂದಿಷ್ಟೂ ನಡುಕವಿಲ್ಲ. ಆಮೇಲೆ ಹುಬ್ಬೇರಿಸಿ ಅವನ ಕಡೆ ನೋಡಿದಳು, ಫೋನಿನ ಮೇಲೆ ಕೈಯಡ್ಡ ಇಟ್ಟು, ಯಾವ ತಿಂಗಳು ಎಂದು ಬರೀ ತುಟಿಯಲ್ಲಿ ಕೇಳಿದಳು. ಅವನು ಕೈ ಎತ್ತಿ ನಾಲ್ಕು ಬೆರಳು ತೋರಿಸಿದ. ಹೆತ್ತ ತಾಯಿಗೆ, ಅವಳು ಸತ್ತ ತಿಂಗಳನ್ನು, ನಾಲ್ಕು ಬೆರಳು ಹಿಡಿದು. ಏಪ್ರಿಲು, ಹೌದು, ಹೋದ ವರ್ಷ ಎಂದಳು. ಅತ್ತ ಕಡೆಯವನು ಒಳ್ಳೆಯವನಿರಬೇಕು, ಏನೋ ಸಮಾಧಾನ ಹೇಳುತ್ತಿದ್ದ, ಅವಳು ಹೂಂ ಹೂಂ ಎನ್ನುತ್ತಿದ್ದಳು. ಅವನೇ ನೋಡಿಕೊಂಡ ಸರ್, ಹಗಲೂ ರಾತ್ರಿ, ಒಂದು ದಿನ ಬೇಸರ ಮಾಡಿಕೊಳ್ಳಲಿಲ್ಲ, ಅಂಥ ಹುಡುಗ ಸಿಗಲ್ಲ ಎಂದಳು. ದಿನಾ ಕೌಂಟರಿನ ಎದುರು ನಿಂತವರ ಬಾಯಲ್ಲಿ ಕೇಳಿಸಿಕೊಂಡ ಮಾತುಗಳು ಅವು. ಮನೆ ವಿಳಾಸ ಹೇಳಿ, ಪಿನ್ ಕೋಡು ಎರಡು ಸಲ ಹೇಳಿ, ಫೋನಿಟ್ಟಳು.

ಸಂಜೆಯೊಳಗೆ ಕಾಗದ ಕಳಿಸುತ್ತಾರಂತೆ, ಸೋಮವಾರವೇ ಸೇರಬೇಕಂತೆ ಎಂದಳು. ಏಳು ತಿಂಗಳು ಕಾದ ಮಾತು ಅದು; ಅವನೊಳಗೆ ಏನೂ ಆಗಲಿಲ್ಲ. ಅಮ್ಮ ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತಳು. ಬೈಯುತ್ತಾಳೆಂದು ಕಾದ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೇನಾಗಿತ್ತಂತೆ ಎಂದು ಕೇಳಿದಳು. ಕಿಡ್ನಿ ಎಂದ. ಹೂಂ ಎಂದಳು. ಆಮೇಲೆ ಅವನು ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. ಅವಳಿಗೆ ಯಾವತ್ತೂ ತೋರಿಸದೆ ಮುಚ್ಚಿಟ್ಟಿದ್ದ ನಾಲ್ಕನೇ ಸೆಮಿಸ್ಟರಿನ ಕಾರ್ಡು, ಮೂರು ಪಾಯಿಂಟ್ ಒಂಬತ್ತು, ತಯಾರಿಯ ಉಪದೇಶ, ಪೆನ್ನಿನವನ ಪ್ರಶ್ನೆ. ಅವಳು ಬೆರಳು ಮಡಚಿ ಜನವರಿ, ಫೆಬ್ರವರಿ ಎಂದು ತನ್ನಷ್ಟಕ್ಕೆ ಎಣಿಸಿಕೊಂಡಳು.

"ಆಗ ನಾನು ಚೆನ್ನಾಗೇ ಇದ್ದೆನಲ್ಲೋ. ಒಂದು ದಿನ ರಜೆ ಹಾಕಿಲ್ಲ," ಎಂದಳು. "ನಿನಗೇನಾಗಿತ್ತು?"

"ಏನೂ ಆಗಿರ್ಲಿಲ್ಲಮ್ಮ. ಏಳೋಕೆ ಆಗ್ತಿರ್ಲಿಲ್ಲ."

"ದಿನಾ ಸಂಜೆ ಏಳು ಗಂಟೆಗೆ ಫೋನಲ್ಲಿ ಮಾತಾಡ್ತಿದ್ದೆಯಲ್ಲ?"

"ಅದೊಂದಕ್ಕೇ ಎದ್ದು ಕೂರ್ತಿದ್ದೆ."

ತಾನು ಸತ್ತ ಸುದ್ದಿಗೆ ಕದಲದಿದ್ದ ಅವಳ ಗಲ್ಲ ಈಗ ಅದುರುತ್ತಿತ್ತು. ಐದು ತಿಂಗಳು ದಿನಾ ಮಾತಾಡಿಸಿದ್ದೀನಿ, ನನಗೆ ಕೇಳಿಸಲೇ ಇಲ್ಲವಲ್ಲೋ ಎಂದಳು. ನಿನಗೆ ಕೇಳಿಸಬಾರದು ಅಂತಲೇ ನೀರು ಕುಡಿದು, ಗಂಟಲು ಸರಿ ಮಾಡಿಕೊಂಡು ಮಾತಾಡುತ್ತಿದ್ದೆ ಎಂದು ಅವನು ಹೇಳಬಹುದಾಗಿತ್ತು, ಹೇಳಲಿಲ್ಲ. ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆಗೆದು ಹಾಕಿಕೊಂಡರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಈಗ ಹೇಗೆ, ಬೆಳಿಗ್ಗೆ ನಾನು ಡ್ಯೂಟಿಗೆ ಹೋದಮೇಲೆ ಏಳ್ತೀಯಾ ಎಂದು ಕೇಳಿದಳು. ಸುಳ್ಳು ಬುಧವಾರ ಎಷ್ಟು ಸಲೀಸಾಗಿ ಬಂದಿತ್ತು! ಈಗ ಬರಲಿಲ್ಲ. ಅವನು ಇಲ್ಲವೆಂದು ತಲೆಯಾಡಿಸಿದ, ಆಡಿಸುತ್ತಿದ್ದಂತೆ ಅಳು ಬಂತು, ಚಿಕ್ಕ ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಬೆನ್ನು ಸವರಲಿಲ್ಲ, ಸುಮ್ಮನಿರು ಎನ್ನಲಿಲ್ಲ, ಪಕ್ಕದಲ್ಲಿ ಕೂತಿದ್ದಳು.

ಸೋಮವಾರ ಎಷ್ಟು ಗಂಟೆಗೆ ಹೋಗಬೇಕು ಎಂದಳು. ಒಂಬತ್ತಕ್ಕೆ ಎಂದ. ತನ್ನದು ಆರು ಗಂಟೆಯ ಡ್ಯೂಟಿ ಎಂದಳು.

"ಏಳಕ್ಕೆ ಕೌಂಟರಿಂದ ಫೋನ್ ಮಾಡ್ತೀನಿ. ನೀನು ಎದ್ದು ನಿಂತು ಮಾತಾಡೋವರೆಗೂ ಇಡಲ್ಲ."

"ಮಂಗಳವಾರ?"

"ಮಂಗಳವಾರಾನೂ."

ಬುಧವಾರದ್ದನ್ನು ಕೇಳಬೇಕೆಂದು ಅವನಿಗೆ ಅನ್ನಿಸಲಿಲ್ಲ.